ಸ್ಪ್ಯಾನಿಷಿನ ಬೆರೆನ್‌ಖೇನಾ ನಮ್ಮ ಬದನೆಕಾಯಿಗೆ ಏನಾಗಬೇಕು?

ತೊಗರಿಕಣಜ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಹುಚ್ಚಾಟದ್ದು ಅನ್ನಿಸಬಹುದು, ಆದರೆ ಎರಡು ದಿನದಿಂದ ತಲೆ ತಿನ್ನುತ್ತಿದೆ.

ಕೆಲಸದ ಸಲುವಾಗಿ ಮೂರು ತಿಂಗಳಿಂದ ಫೋನಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಮೊನ್ನೆ ತರಕಾರಿ ಪಾಠ ಬಂತು. ಅಡುಗೆಮನೆ ಹೊಸ್ತಿಲ ಹತ್ತಿರ ಕೂತು ಜೋರಾಗಿ ಓದಿಕೊಳ್ಳುತ್ತಿದ್ದೆ. ಅವ್ವ ಇಳಿಗೆ ಮುಂದೆ ಕೂತು ಎಣಗಾಯಿಗೆ ಬದನೆಕಾಯಿ ಸೀಳುತ್ತಿದ್ದಳು. ತೊಟ್ಟು ಹಾಗೇ ಬಿಟ್ಟು ನಾಲ್ಕು ಸೀಳು, ಸೀಳಿದ ಕೂಡಲೇ ಉಪ್ಪುನೀರಿನ ಬೋಗುಣಿಗೆ. ಪಕ್ಕದ ಮನೆ ಖಾಲಾ ಕೊತ್ತಂಬರಿ ಕೇಳಲು ಬಂದವರು ಬಾಗಿಲಲ್ಲೇ ಮಾತಾಡುತ್ತಾ ನಿಂತಿದ್ದರು. ನಾನು "ಬೆರೆನ್‌ಖೇನಾ, ಬೆರೆನ್‌ಖೇನಾ" ಅಂತ ನಾಲ್ಕು ಸಲ ಹೇಳಿದ್ದೇ ತಡ, ಖಾಲಾ ಬೋಗುಣಿ ಕಡೆ ಬೆರಳು ತೋರಿಸಿ "ಬೈಂಗನ್ ಅನ್ಲಿಕ್ಹತ್ಯಾನೇನ್ರೀ ಅಕ್ಕ?" ಅಂದರು. ನಾನು ಬೆಪ್ಪಾದೆ. ಯಾಕೆಂದರೆ ಆ ಪದದ ಅರ್ಥ ಬದನೆಕಾಯಿ ಅಂತಲೇ! ನಾನಿನ್ನೂ ಅರ್ಥ ಹೇಳಿರಲಿಲ್ಲ, ಪರದೆ ಅವರಿಗೆ ಕಾಣಿಸುತ್ತಲೂ ಇರಲಿಲ್ಲ.

ಅವ್ವ ಮಾತ್ರ ತಲೆ ಎತ್ತದೆ "ಯಾ ದೇಶಕ್ಕ ಹೋದ್ರೂ ಬದ್ನಿಕಾಯಿ ಬಿಡಂಗಿಲ್ಲ ನೋಡು" ಅಂದಳು.

ನನ್ನ ಗೆಳೆಯ ಇದೆಲ್ಲ ಸುಮ್ನೆ ಹೊಂದಿಕೆ ಅಂತಾನೆ. ಜಗತ್ತಿನಲ್ಲಿ ಅಷ್ಟು ಭಾಷೆ ಇರುವಾಗ ಒಂದೆರಡು ಪದ ಒಂದೇ ಥರ ಕೇಳಿಸೋದು ಸಹಜ, ಅದಕ್ಕೆಲ್ಲ ಕಥೆ ಕಟ್ಟಬೇಡ ಅಂತ. ಬೆರೆನ್‌ಖೇನಾಗೂ ಬೈಂಗನ್‌ಗೂ ನಿಜವಾಗಿ ನಂಟಿದೆಯಾ? ಇದ್ದರೆ ನಮ್ಮ ಬದನೆ, ಇಂಗ್ಲಿಷಿನ ಬ್ರಿಂಜಾಲ್ ಎಲ್ಲಿ ಸೇರುತ್ತವೆ? ಗೊತ್ತಿರೋರು ಹೇಳಿ. ಪುಸ್ತಕದ ಬದನೆಕಾಯಿ ಆದರೂ ಪರವಾಗಿಲ್ಲ.

ಗುಮ್ಮಟದ_ನೆರಳು (ಕಲಬುರಗಿ)

ಇದರಲ್ಲಿ ಕೇಳೋದೇನಿದೆ ಅಣ್ಣಾ, ಎಲ್ಲ ಸಂಸ್ಕೃತ. ವಾತ ಅಂದರೆ ವಾಯು. ವಾಯು ಮಾಡೋ ಕಾಯಿ ವಾತಿಂಗಣ. ಅದೇ ಬೈಂಗನ್ ಆಯ್ತು, ಅದೇ ಸ್ಪೇನಿಗೂ ಹೋಯ್ತು. ನಮ್ಮಜ್ಜಿ ಮಂಡಿನೋವು ಇದ್ದವರಿಗೆ ಬದನೆಕಾಯಿ ಬಡಿಸುತ್ತಲೇ ಇರಲಿಲ್ಲ. ಮುಗೀತು.

ಹಳೇ_ಮಾಸ್ತರ (ಬೀದರ್)

ಮುಗಿದಿಲ್ಲ, ಈಗ ಶುರು. ತಮ್ಮಾ, ನಿಮ್ಮ ಖಾಲಾ ಕಿವಿ ಭಾಳ ಚುರುಕು. ಅವರು ಹೇಳಿದ್ದು ಸರಿ, ಇದು ಸುಮ್ನೆ ಹೊಂದಿದ್ದಲ್ಲ.

ಸ್ಪೇನಿನಿಂದ ಹಿಂದಕ್ಕೆ ನಡೆದು ಬರೋಣ. 711ರಲ್ಲಿ ಅರಬರ ಸೈನ್ಯ ಆ ದೇಶಕ್ಕೆ ಇಳಿಯಿತು. ಅಲ್ಲಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡಾ ಬಿದ್ದದ್ದು 1492ರಲ್ಲಿ. ಅಷ್ಟು ಕಾಲ ಒಟ್ಟಿಗೆ ಬದುಕಿದ ಮೇಲೆ ಹೊಲ, ಅಡುಗೆಮನೆ, ಕಚೇರಿ ಎಲ್ಲ ಕಡೆಯ ಅರಬ್ಬಿ ಪದಗಳು ಸ್ಪ್ಯಾನಿಷ್‌ಗೆ ಬಂದು ಕೂತವು. ನಮ್ಮ ಕಡೆ ತಹಶೀಲು, ಜಮೀನು, ದಫ್ತರ ಬಂದು ಕೂತಿಲ್ಲವಾ, ಹಾಗೆ. ಅರಬ್ಬಿಯಲ್ಲಿ ಬದನೆಕಾಯಿಗೆ ಬಾದಿಂಜಾನ್ ಅಂತಾರೆ. ಸ್ಪೇನಿನವರ ಬಾಯಲ್ಲಿ ಅದೇ ಬೆರೆಂಜೆನಾ ಆಯಿತು.

ಅರಬರಿಗೆ ಅದು ಪಾರ್ಸಿಯಿಂದ ಬಂದದ್ದು. ಅಲ್ಲಿ ಬಾದಿಂಗಾನ್. ಪಾರ್ಸಿಯ ಗ ಅರಬ್ಬಿಗೆ ಹೋದರೆ ಸಾಮಾನ್ಯವಾಗಿ ಜ ಆಗುತ್ತದೆ, ಅವರ ಬರವಣಿಗೆಯಲ್ಲಿ ಗ ಇಲ್ಲ. ಪಾರ್ಸಿಯವರಿಗೆ ಸಿಕ್ಕಿದ್ದು ನಮ್ಮ ದೇಶದಿಂದ, ಕಾಯಿ ಮತ್ತು ಹೆಸರು ಎರಡೂ. ವಾತಿಂಗಣ, ಬಾದಿಂಗಾನ್ ಅಂತ ಒಂದರ ಕೆಳಗೊಂದು ಬರೆದು ನೋಡಿ. ವ ಬ ಆಗಿದೆ, ತ ದ ಆಗಿದೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.

ಬೈಂಗನ್ ಊರು ಬಿಟ್ಟು ಹೋಗಲೇ ಇಲ್ಲ. ಅದೇ ವಾತಿಂಗಣದ ನಡುವಿನ ತ ಸವೆದು ಹೋಗಿ ಬೈಂಗನ್ ಆಗಿದೆ. ಅಂದರೆ ಖಾಲಾ ಮನೆಯ ಬೈಂಗನ್ನೂ ನಿಮ್ಮ ಪಾಠದ ಬೆರೆನ್‌ಖೇನಾನೂ ಅಣ್ಣತಮ್ಮಂದಿರ ಮಕ್ಕಳು. ಒಬ್ಬ ಮನೆಯಲ್ಲೇ ಉಳಿದ, ಇನ್ನೊಬ್ಬ ಇರಾನ್ ದಾಟಿ ಅರಬರ ಜೊತೆ ಹೋಗಿ ಸ್ಪೇನಿನಲ್ಲಿ ಸಂಸಾರ ಹೂಡಿದ.

ಮರಾಠಿಯ ವಾಂಗಿಯೂ ಇದೇ ಮನೆಯದು. ನಮ್ಮ ಔರಾದ್, ಭಾಲ್ಕಿ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಉಳಿದವರು ವಾಂಗಿಬಾತ್ ತಿನ್ನುವಾಗ ಹೆಸರಲ್ಲೇ ಬದನೆಕಾಯಿ ಇದೆ ಅಂತ ಯೋಚಿಸಲ್ಲ. ಒಮ್ಮೆ ಒಬ್ಬರು ನನಗೆ "ಕ್ಯಾಪ್ಸಿಕಂ ವಾಂಗಿಬಾತ್" ಅಂತ ಬಡಿಸಿದರು. ತಿಂದೆ, ಚೆನ್ನಾಗಿತ್ತು, ಬಾಯಿ ಮುಚ್ಚಿಕೊಂಡು ಬಂದೆ.

ಇನ್ನು ಬ್ರಿಂಜಾಲ್. ಪೋರ್ಚುಗೀಸರೂ ಸ್ಪೇನಿನವರ ಪಕ್ಕದ ಮನೆಯವರೇ, ಅವರದು ಬೆರಿಂಜೆಲಾ. 1510ರಲ್ಲಿ ಅವರು ವಿಜಯಪುರದ ಆದಿಲ್‌ಶಾಹಿಗಳ ಕೈಯಿಂದ ಗೋವಾ ಕಿತ್ತುಕೊಂಡರಲ್ಲ, ಹಡಗಿನಲ್ಲಿ ಈ ಪದವೂ ಬಂದಿಳಿಯಿತು. ಆಮೇಲೆ ಬಂದ ಇಂಗ್ಲಿಷಿನವರು ಅವರ ಬಾಯಿಂದ ಎತ್ತಿಕೊಂಡು ಬ್ರಿಂಜಾಲ್ ಮಾಡಿದರು. ಇಲ್ಲಿಂದಲೇ ಹೋದ ಪದ ಅರ್ಧ ಜಗತ್ತು ಸುತ್ತಿ ವಾಪಸ್ ಬಂತು. ನಾವು ಮಾತ್ರ ಒಂದನೇ ಇಯತ್ತೆಯ ಮಕ್ಕಳಿಗೆ ಅದನ್ನು ಇಂಗ್ಲಿಷ್ ಅಂತ ಬಾಯಿಪಾಠ ಮಾಡಿಸಿದೆವು. ನಾನೇ ಮಾಡಿಸಿದ್ದೇನೆ, ಬೇರೆಯವರನ್ನು ಯಾಕೆ ಅನ್ನಲಿ. ತಮಾಷೆ ಅಂದರೆ ಇಂಗ್ಲೆಂಡಿನಲ್ಲಿ ಬ್ರಿಂಜಾಲ್ ಅನ್ನೋದು ಕಡಿಮೆ. ಅವರು ಫ್ರೆಂಚರಿಂದ ತಗೊಂಡ ಓಬರ್ಜೀನ್ ಅಂತಾರೆ. ಅದೂ ಇದೇ ಬಾದಿಂಜಾನ್, ವೇಷ ಬೇರೆ. ಅಮೆರಿಕದವರ ಎಗ್‌ಪ್ಲಾಂಟ್ ಒಂದು ಈ ವಂಶದ್ದಲ್ಲ. ಮೊಟ್ಟೆಯಂತೆ ಬೆಳ್ಳಗೆ ದುಂಡಗೆ ಬಿಡುವ ಜಾತಿ ನೋಡಿ ಇಟ್ಟ ಹೆಸರು.

ಗುಮ್ಮಟದವರೇ, ವಾತದ ಕಥೆ ಚೆನ್ನಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಸಂಸ್ಕೃತದಲ್ಲಿ ಈ ಕಾಯಿಗೆ ವಾತಿಂಗಣ ಅಷ್ಟೇ ಅಲ್ಲ, ವಾರ್ತಾಕ, ವೃಂತಾಕ, ಭಂಟಾಕಿ ಅಂತಲೂ ಇವೆ. ಒಂದನ್ನೊಂದು ಹೋಲುವ ಆದರೆ ಸರಿಯಾಗಿ ಹೊಂದದ ಇಷ್ಟು ಹೆಸರು ಒಂದೇ ಕಾಯಿಗೆ ಇದ್ದರೆ ಅನುಮಾನ ಬರಬೇಕು. ಬೇರೆ ಭಾಷೆಯ ಪದವನ್ನು ಒಬ್ಬೊಬ್ಬರು ಒಂದೊಂದು ಥರ ಕೇಳಿಸಿಕೊಂಡಾಗ ಹೀಗಾಗುತ್ತದೆ. ವಾಯುವಿನ ಅರ್ಥ ಆಮೇಲೆ ಯಾರೋ ಹೊಂದಿಸಿದ್ದು ಅನ್ನಿಸುತ್ತದೆ. ಆ ಬೇರೆ ಭಾಷೆ ಯಾವುದು ಅನ್ನೋದನ್ನು ಊಟ ಮಾಡಿ ಬಂದು ಬರೀತೀನಿ, ಇಲ್ಲಿ ಕರೆಂಟ್ ಹೋಗೋ ಲಕ್ಷಣ ಕಾಣುತ್ತಿದೆ.

ತೊಗರಿಕಣಜ

ಸರ್, ಮೈ ಜುಮ್ ಅಂತು. ಆದರೆ ಒಂದು ಅನುಮಾನ. ನೀವು ಬೆರೆಂಜೆನಾ ಅಂತ ಬರೆದಿದ್ದೀರಿ. ನಮ್ಮ ಪಾಠದಲ್ಲಿ ಹೇಳೋದು ಖೇನಾ, ಜ ಎಲ್ಲೂ ಕೇಳಿಸಲ್ಲ. ಗೆಳೆಯ ಅದನ್ನೇ ಹಿಡಿದುಕೊಂಡು ಕೂತಿದ್ದಾನೆ.

ಗುರುಮಠಕಲ್_ಟು_ವಲೆನ್ಸಿಯಾ

ಇದಕ್ಕೆ ನಾನು ಉತ್ತರ ಕೊಡ್ತೀನಿ. ಹುಟ್ಟಿದ್ದು ಗುರುಮಠಕಲ್ ಹತ್ತಿರ, ಆರು ವರ್ಷದಿಂದ ಸ್ಪೇನಿನ ವಲೆನ್ಸಿಯಾದಲ್ಲಿದ್ದೇನೆ.

ಬರೆಯೋದು ಈಗಲೂ ಜೆ ಅಕ್ಷರದಲ್ಲೇ. ಹಳೇ ಸ್ಪ್ಯಾನಿಷ್‌ನಲ್ಲಿ ಆ ಅಕ್ಷರಕ್ಕೆ ಜ ಥರದ ಸದ್ದೇ ಇತ್ತು. 16, 17ನೇ ಶತಮಾನದ ಹೊತ್ತಿಗೆ ಅದು ಹಿಂದಕ್ಕೆ ಸರಿಯುತ್ತಾ ಗಂಟಲಿಗೆ ಇಳಿಯಿತು. ಖಾಲಾ ಅಂತ ನಿಮ್ಮ ಪಕ್ಕದ ಮನೆಯವರು ಹೇಳುವಾಗ ಗಂಟಲಿಂದ ಬರುತ್ತಲ್ಲ, ಅದೇ ಸದ್ದು, ನಮ್ಮ ಖಡ್ಗದ ಖ ಅಲ್ಲ. ಕಿತ್ತಳೆಗೂ ಇದೇ ಗತಿ. ಅರಬ್ಬಿಯ ನಾರಂಜ್ ಇಲ್ಲಿ ನರಂಜಾ ಆಗಿ ಈಗ ನರಾನ್‌ಖಾ ಆಗಿದೆ. ಪೋರ್ಚುಗೀಸರ ಬಾಯಲ್ಲಿ ಗಂಟಲಿಗೆ ಇಳಿಯಲಿಲ್ಲ, ಅದಕ್ಕೇ ನಮ್ಮ ಬ್ರಿಂಜಾಲ್‌ನಲ್ಲಿ ಜ ಗಟ್ಟಿಯಾಗಿದೆ.

ನಮ್ಮ ಊರಿನ ಮಾರ್ಕೆಟ್‌ನಲ್ಲಿ ಒಂದೇ ಬುಟ್ಟಿಗೆ ಎರಡು ಹೆಸರಿನ ಚೀಟಿ ಸಿಗುತ್ತದೆ. ಒಂದು ಸ್ಪ್ಯಾನಿಷ್‌ನ ಬೆರೆನ್‌ಖೇನಾ, ಇನ್ನೊಂದು ಇಲ್ಲಿಯ ಭಾಷೆಯ ಆಲ್ಬರ್ಜೀನಿಯಾ. ಈ ಎರಡನೆಯದರ ಮುಂದಿರೋ ಆಲ್ ನೋಡಿ, ಅದು ಅರಬ್ಬಿಯ ಅಲ್. ಬಾದಿಂಜಾನ್ ಅನ್ನೋದನ್ನ ಅಲ್ ಸಮೇತ ನುಂಗಿದ್ದಾರೆ. ಸ್ಪ್ಯಾನಿಷ್‌ನವರು ಈ ಪದದಲ್ಲಿ ಅಲ್ ಬಿಟ್ಟರು, ಆದರೆ ಹತ್ತಿಗೆ ಬಿಡಲಿಲ್ಲ. ಅರಬ್ಬಿಯ ಅಲ್-ಕುತ್ನ್ ಇವರಿಗೆ ಅಲ್ಗೊದೋನ್, ಇಂಗ್ಲಿಷ್‌ಗೆ ಕಾಟನ್. ಯಾದಗಿರಿ ಹುಡುಗನಿಗೆ ಹತ್ತಿ ಪದ ನೆನಪಾಗದೆ ಇನ್ನೇನು ನೆನಪಾಗಬೇಕು! ಸಕ್ಕರೆಯೂ ಹಾಗೇ, ಅಸ್-ಸುಕ್ಕರ್ ಹೋಗಿ ಅಸೂಕರ್. ಮೂಲ ಶರ್ಕರ. ಅದಕ್ಕೆ ಬೇರೆ ಥ್ರೆಡ್ಡೇ ಬೇಕು.

ಇಲ್ಲಿ ಅಲ್ಮಾಗ್ರೊ ಅಂತ ಒಂದು ಊರಿದೆ, ಬದನೆಕಾಯಿ ಉಪ್ಪಿನಕಾಯಿಗೆ ಹೆಸರುವಾಸಿ. ಮೊದಲ ಸಲ ಜಾಡಿ ತೆಗೆದಾಗ ನನಗೆ ಅವ್ವನ ಎಣಗಾಯಿಯೇ ನೆನಪಾಯ್ತು. ನಿಂಬೆಹಣ್ಣಿನ ಗಾತ್ರದ ಹಸಿರು ಕಾಯಿ, ತೊಟ್ಟು ತೆಗೆಯದೆ, ನಡುವೆ ಸೀಳಿ, ಒಳಗೆ ಕೆಂಪು ದೊಣ್ಣೆಮೆಣಸಿನ ಒಂದು ತುಂಡು ಇಟ್ಟು, ಅದು ಜಾರದ ಹಾಗೆ ಸೋಂಪಿನ ಗಿಡದ ಒಣ ಕಡ್ಡಿ ಚುಚ್ಚಿರುತ್ತಾರೆ. ವಿನೆಗರ್, ಜೀರಿಗೆ, ಬೆಳ್ಳುಳ್ಳಿ. ಶೇಂಗಾ ಇಲ್ಲ, ಗುರೆಳ್ಳು ಇಲ್ಲ, ಆದರೂ ಒಂದು ರೊಟ್ಟಿ ಇದ್ದಿದ್ದರೆ ಅನ್ನಿಸಿತು.

ಇನ್ನೊಂದು ಹೇಳಲೇಬೇಕು. ಬದನೆ ತೋಟಕ್ಕೆ ಇವರು ಬೆರೆನ್‌ಖೆನಾಲ್ ಅಂತಾರೆ. ಯಾರಾದರೂ ಬೇಡದ ತಂಟೆಯಲ್ಲಿ ಸಿಕ್ಕಿಕೊಂಡರೆ "ಬದನೆ ತೋಟಕ್ಕೆ ಹೊಕ್ಕ" ಅನ್ನೋದು ಇಲ್ಲಿ ದಿನಬಳಕೆಯ ಮಾತು. ನನ್ನ ಆಫೀಸಿನಲ್ಲಿ ವಾರಕ್ಕೊಮ್ಮೆ ಕೇಳಿಸುತ್ತದೆ, ಹೆಚ್ಚಾಗಿ ನನ್ನ ಬಗ್ಗೆಯೇ.

ಗುರೆಳ್ಳ_ಹಿಂಡಿ (ಕಲಬುರಗಿ)

ಬದನೆ ತೋಟಕ್ಕೆ ಹೊಕ್ಕವರ ಕಷ್ಟ ಯಾಕೆ ಅಂತ ನಾನು ಹೇಳ್ತೀನಿ, ಗಿಡಕ್ಕೆ ಮುಳ್ಳಿರುತ್ತೆ!

ನನ್ನ ತವರು ಧಾರವಾಡ ಕಡೆ. ಅಲ್ಲಿ ನಾವು ಬದನೆಕಾಯಿ ಅನ್ನೋದು ಕಡಿಮೆ, ಮುಳಗಾಯಿ ಅಂತೀವಿ. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಕಣ್ಣಿ ಮಾರ್ಕೆಟ್‌ಗೆ ಹೋಗಿ "ಮುಳಗಾಯಿ ಹ್ಯಾಂಗ್ ಕೊಟ್ರಿ?" ಅಂದೆ. ಆ ಅಜ್ಜಿ ಮೂಲಂಗಿ ತೂಗೋಕೆ ಶುರು ಮಾಡಿದಳು. ನಾನು ಇದಲ್ಲ ಅದು ಅಂತ ಕೈಹಾಕಿ ಬದನೆಕಾಯಿ ತೊಟ್ಟು ಹಿಡಿದೆ, ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ಅಜ್ಜಿ ನಕ್ಕು "ಬದ್ನಿಕಾಯಿ ಅನ್ನವ್ವ, ಮುಳ್ಳು ತೆಗೆದು ಕೊಡ್ತೀನಿ" ಅಂದಳು. ಪಕ್ಕದ ಬುಟ್ಟಿಯವಳು ತೆಲುಗಿನವಳು, ಸೇಡಂ ಕಡೆಯವಳು, ಅವಳದ್ದು ವಂಕಾಯ. ಬುರ್ಖಾ ಹಾಕಿದ ಒಬ್ಬರು ಬಂದು ಅವಳ ಹತ್ತಿರ ಬೈಂಗನ್ ಕೇಳಿದರು. ಪಾವು ಕಿಲೋ ಕಾಯಿಗೆ ನಾಲ್ಕು ಹೆಸರು. ಎಲ್ಲರಿಗೂ ಎಲ್ಲ ಅರ್ಥ ಆಗ್ತಿತ್ತು, ನನ್ನದೊಂದು ಬಿಟ್ಟು.

ಮಾಸ್ತರ್, ನನ್ನ ಮುಳಗಾಯಿಗೂ ಈ ಬೆರೆನ್‌ಖೇನಾಗೂ ಏನಾದರೂ ಸಂಬಂಧ ಇದೆಯಾ, ಇಲ್ಲ ನಾವು ಧಾರವಾಡದವರು ಹೊರಗಿನವರಾ?

ಗುಮ್ಮಟದ_ನೆರಳು

ಒಂದು ನಿಮಿಷ. ಮಾಸ್ತರ್ ಸಂಸ್ಕೃತದ್ದಲ್ಲ ಅಂದಮೇಲೆ ನಮ್ಮದೇ ಅಲ್ವಾ? ಬದನೆ, ಬಾದಿಂಗಾನ್. ಬ, ದ, ನ ಮೂರೂ ಇವೆ! ಅಂದರೆ ಕನ್ನಡದ ಬದನೆಯೇ ಪರ್ಷಿಯಾಕ್ಕೆ ಹೋಗಿ ಸ್ಪೇನಿಗೆ ಹೋಗಿದೆ. ಸ್ಪ್ಯಾನಿಷ್‌ಗೆ ಕನ್ನಡವೇ ತಾಯಿ ಅಂತ ವಾಟ್ಸಾಪ್ ಸ್ಟೇಟಸ್ ಹಾಕ್ಲಾ?

ಹಳೇ_ಮಾಸ್ತರ

ಹಾಕಬೇಡಿ. ಬೆಳಿಗ್ಗೆ ಎದ್ದು ತೆಗೀಬೇಕಾಗುತ್ತೆ.

ಬ ದ ನ ಹೊಂದಿದ್ದು ನೋಡಿ ನಾನೂ ಒಂದು ಕಾಲದಲ್ಲಿ ಕುಣಿದಿದ್ದೆ. ಆದರೆ ಹೊಂದಿದ ಅಕ್ಷರ ಎಣಿಸಿದರೆ ನಂಟು ಸಿಗಲ್ಲ, ಪದ ನಡೆದ ದಾರಿ ಸಿಗಬೇಕು. ನಿಮ್ಮ ಗೆಳೆಯರ ಅನುಮಾನ ತಪ್ಪಲ್ಲ ತಮ್ಮಾ. ಸ್ಪ್ಯಾನಿಷ್‌ನಲ್ಲಿ ಮೂಚೊ ಅಂದರೆ ಜಾಸ್ತಿ, ಇಂಗ್ಲಿಷ್‌ನಲ್ಲಿ ಮಚ್ ಅಂದರೂ ಜಾಸ್ತಿ. ನೋಡಿದವರು ಯಾರಾದರೂ ಅಣ್ಣತಮ್ಮ ಅಂತಾರೆ. ಒಂದು ಲ್ಯಾಟಿನ್ನಿನ ಮುಲ್ತುಸ್‌ನಿಂದ ಬಂದದ್ದು, ಇನ್ನೊಂದು ಹಳೇ ಇಂಗ್ಲಿಷಿನ ಮಿಚೆಲ್‌ನಿಂದ. ರಕ್ತಸಂಬಂಧವೇ ಇಲ್ಲ.

ಈಗ ಬದನೆ. ತಮಿಳಿನ ಹಳೇ ಹೆಸರು ವೞುತುಣೈ, ವೞುತಲೈ. ಮಲಯಾಳಂನಲ್ಲಿ ಈಗಲೂ ವೞುತನ. ತಮಿಳಿನ ಮೊದಲ ವ ನಮ್ಮಲ್ಲಿ ಬ ಆಗೋದು ಕಟ್ಟುನಿಟ್ಟಿನ ಲೆಕ್ಕ. ವಾ ಅಂದರೆ ಬಾ, ವಾಯ್ ಅಂದರೆ ಬಾಯಿ, ವೇರ್ ಅಂದರೆ ಬೇರು, ವಿಲ್ ಅಂದರೆ ಬಿಲ್ಲು. ನಡುವಿನ ೞ ನಮ್ಮ ಹಳೆಗನ್ನಡದಲ್ಲೂ ಇದ್ದ ಅಕ್ಷರ, ಆಮೇಲೆ ಬಿದ್ದುಹೋಯಿತು. ಹೀಗೆ ನೋಡಿದರೆ ಬದನೆಯ ಬ ನಮ್ಮ ಮನೆಯೊಳಗೇ ಹುಟ್ಟಿದ ಬ. ಪಾರ್ಸಿಯ ಬ ಅವರು ಸಂಸ್ಕೃತದ ವ ತಿದ್ದಿಕೊಂಡದ್ದು. ಇಬ್ಬರೂ ಬೇರೆ ಬೇರೆ ಕಡೆಯಿಂದ ಬಂದು ಬ ಮೇಲೆ ನಿಂತಿದ್ದಾರೆ, ಅಷ್ಟೇ.

ಆದರೆ ಅದಕ್ಕೂ ಹಿಂದೆ ಹೋದರೆ ನಿಮ್ಮ ಖುಷಿಗೆ ಜಾಗ ಇದೆ. ಸಂಸ್ಕೃತದವರು ವಾತಿಂಗಣ, ವಾರ್ತಾಕ ಎಲ್ಲ ಪಡೆದದ್ದು ದಕ್ಷಿಣದ ಭಾಷೆಗಳ ಹಳೇ ವೞುತ್- ಅನ್ನೋ ಪದದಿಂದ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಆ ಪದದ ಕಾಲಕ್ಕೆ ಕನ್ನಡ, ತಮಿಳು ಅಂತ ಬೇರೆ ಬೇರೆ ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ. ನನಗೆ ಈ ವಾದ ಒಪ್ಪಿಗೆ. ಹಾಗಾಗಿ ನಮ್ಮ ಬದನೆ ಸ್ಪ್ಯಾನಿಷ್ ಪದದ ತಾಯಿ ಅಲ್ಲ. ಊರಲ್ಲೇ ಉಳಿದ ಚಿಕ್ಕಮ್ಮ ಅನ್ನಬಹುದು.

ತಂಗಿ, ನಿಮ್ಮ ಮುಳಗಾಯಿ ಮಾತ್ರ ಈ ವಂಶಕ್ಕೆ ಸೇರಲ್ಲ. ಅದು ಮುಳ್ಳು ನೋಡಿ ಇಟ್ಟ ಹೆಸರು ಅನ್ನೋದೇ ಸರಿ ಕಾಣುತ್ತದೆ. ಧಾರವಾಡದವರು ಹೊರಗಿನವರಲ್ಲ, ಅಮೆರಿಕದವರ ಪಕ್ಕ ಕೂರಬೇಕು. ಅವರು ಮೊಟ್ಟೆ ನೋಡಿದರು, ನೀವು ಮುಳ್ಳು ನೋಡಿದಿರಿ.

ದಖ್ಖನಿ_ದಸ್ತರ್‌ಖಾನ್ (ಬೀದರ್)

ಮಾಸ್ತರ್ ಸಾಬ್, ಸಲಾಂ. ನೀವು ಬೈಂಗನ್ ಮನೆ ಬಿಟ್ಟು ಹೋಗಲಿಲ್ಲ ಅಂದಿರಿ, ಆದರೆ ಬೇರೆ ದಾರಿ ಹಿಡಿದ ಅವನ ತಮ್ಮನೂ ನಮ್ಮೂರಿಗೆ ಬಂದಿರಬೇಕು. ಬಹಮನಿಗಳು 1347ರಲ್ಲಿ ಕಲಬುರಗಿಯಲ್ಲಿ ರಾಜ್ಯ ಕಟ್ಟಿದಾಗಿನಿಂದ ದರ್ಬಾರಿನ ಭಾಷೆ ಪಾರ್ಸಿ. ಇಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯವನು. ಅವನ ಅಡುಗೆಯವನು ಬಾದಿಂಜಾನ್ ತಾ ಅಂತ ಕಳಿಸಿದರೆ ಹುಡುಗ ಮಾರ್ಕೆಟ್‌ನಲ್ಲಿ ಬೈಂಗನ್ನೋ ಬದ್ನಿಕಾಯಿನೋ ಅಂತ ಕೇಳಿರಬೇಕು. ನನ್ನ ಊಹೆ, ಶಿಲಾಶಾಸನ ಕೇಳಬೇಡಿ.

ಅಣ್ಣಾ ವಲೆನ್ಸಿಯಾ, ನಿಮ್ಮಲ್ಲಿ ಆಲ್ಬೊರೊನೀಯಾ ಅಂತ ಒಂದು ಪಲ್ಯ ಇದೆಯಂತಲ್ಲ? ಬದನೆ, ಕುಂಬಳ, ಟೊಮೆಟೊ ಎಲ್ಲ ಹಾಕಿದ್ದು? ಆ ಹೆಸರು ಅರಬ್ಬಿಯ ಅಲ್-ಬೂರಾನಿಯ್ಯಾ. 9ನೇ ಶತಮಾನದ ಬಾಗ್ದಾದಿನ ಖಲೀಫ ಅಲ್-ಮಾಮೂನನ ಹೆಂಡತಿ ಬೂರಾನ್ ಹೆಸರಿನ ಅಡುಗೆ. ಇರಾನ್, ಅಫ್ಘಾನಿಸ್ತಾನದಲ್ಲಿ ಬೋರಾನಿ ಅಂದರೆ ಮೊಸರು ಹಾಕಿದ ತರಕಾರಿ. ನಮ್ಮಲ್ಲಿ ಬಿರಿಯಾನಿ ಜೊತೆ ಬೆಳ್ಳುಳ್ಳಿ ಹಾಕಿದ ಬುರಾನಿ ರಾಯತಾ ಕೊಡುತ್ತಾರಲ್ಲ, ಅದೂ ಇದೇ ಹೆಸರು. ಸ್ಪೇನಿನಲ್ಲಿ ಬದನೆ ಉಳಿದು ಮೊಸರು ಹೋಯಿತು, ನಮ್ಮಲ್ಲಿ ಮೊಸರು ಉಳಿದು ಬದನೆ ಹೋಯಿತು.

ಮತ್ತೆ ಗಾದೆ ಲೆಕ್ಕಕ್ಕೆ ನಮ್ಮದೂ ಒಂದು ಬರ್ಕೊಳ್ಳಿ. ಥಾಲಿ ಕಾ ಬೈಂಗನ್. ತಾಟು ವಾಲಿದ ಕಡೆ ಉರುಳುವವನು. ಚುನಾವಣೆ ಟೈಮಿನಲ್ಲಿ ಜಾಸ್ತಿ ಬಳಕೆಯಾಗುತ್ತೆ.

ಗುರುಮಠಕಲ್_ಟು_ವಲೆನ್ಸಿಯಾ

ಇದೆ ಭೈಯಾ, ದಕ್ಷಿಣದ ಆಂದಲೂಸಿಯಾ ಕಡೆ ಮಾಡ್ತಾರೆ. ಟೊಮೆಟೊ, ದೊಣ್ಣೆಮೆಣಸು ಆಮೇಲೆ ಸೇರಿದ್ದು, ಖಲೀಫನ ಕಾಲದಲ್ಲಿ ಅವೆರಡೂ ಅಮೆರಿಕ ಬಿಟ್ಟು ಬಂದಿರಲಿಲ್ಲ.

ತೊಗರಿಕಣಜ

ಎಲ್ಲರಿಗೂ ಥ್ಯಾಂಕ್ಸ್. ಗೆಳೆಯನಿಗೆ ಪೂರ್ತಿ ಥ್ರೆಡ್ ಕಳಿಸಿದೆ. ಅವನು ಓದಿದ್ದು ಮೂಚೊ, ಮಚ್ ಭಾಗ ಒಂದನ್ನೇ, "ನೋಡ್ದೆಲ್ಲ ನಾ ಹೇಳ್ಲಿಲ್ಲಾ?" ಅಂತಾನೆ.

ರಾತ್ರಿ ಅವ್ವನಿಗೂ ಖಾಲಾಗೂ ಕಥೆ ಹೇಳಿದೆ. ಪಾರ್ಸಿ, ಅರಬ್ಬಿ, ಗೋವಾ ಎಲ್ಲ ಕೇಳಿ ಅವ್ವ "ಪುರಾಣ ಹೇಳಾಕ, ಬದ್ನಿಕಾಯಿ ತಿನ್ನಾಕ, ಏಳು ಇನ್ನ, ತಾಟು ತೊಗೊ" ಅಂದಳು. ಖಾಲಾ ಮಾತ್ರ ಬೂರಾನ್ ಬೇಗಂ ಹತ್ತಿರ ನಿಂತುಬಿಟ್ಟರು. ಬದನೆಕಾಯಿ ಹಾಕಿದ ಬುರಾನಿ ಅವರೂ ಮಾಡಿಲ್ಲವಂತೆ. ದಸ್ತರ್‌ಖಾನ್ ಭಾಯಿ, ಕಾಯಿ ಸುಟ್ಟು ಹಾಕೋದಾ ಇಲ್ಲ ಎಣ್ಣೆಯಲ್ಲಿ ಕರಿದು ಹಾಕೋದಾ ಅಂತ ಕೇಳುತ್ತಿದ್ದಾರೆ. ಶುಕ್ರವಾರದೊಳಗೆ ಹೇಳಬೇಕಂತೆ.

ದಖ್ಖನಿ_ದಸ್ತರ್‌ಖಾನ್

ಕರಿದು. ಬಿಲ್ಲೆ ಬಿಲ್ಲೆ ಕೊಯ್ದು, ಉಪ್ಪು ಹಚ್ಚಿ ಅರ್ಧ ತಾಸು ಬಿಟ್ಟು, ನೀರು ಒರೆಸಿ. ಮೊಸರು ಗಟ್ಟಿ ಇರಲಿ, ಬೆಳ್ಳುಳ್ಳಿ ಹಸಿಯದೇ. ಖಾಲಾಗೆ ಸಲಾಂ ತಿಳಿಸಿ.